ಡೀಸೆಲ್ ಹೊಗೆಗೆ ಹದ್ದುಬಸ್ತು

ನಾನು ಲಾರಿಯವರ ಮಗ. ನಮ್ಮ ತಂದೆಯವರು ಇಪ್ಪತ್ತು ವರ್ಷಗಳಿಂದ ಡೀಸೆಲ್ ಲಾರಿಯನ್ನೋಡಿಸಿ ನಮ್ಮನ್ನು ಸಾಕಿದ್ದಾರೆ. ಈ ಕಾಲೇಜಿನ ಶುಲ್ಕವನ್ನು ತೆತ್ತಿರುವುದೂ ಆ ಲಾರಿಯ ದುಡಿಮೆಯೇ. ಅಂಥವನು ಡೀಸೆಲ್ ವಾಹನಗಳ ಹೊಗೆಯ ಮೇಲೆ ಸರ್ಕಾರವು ಇನ್ನೂ ಬಿಗಿಯಾದ ಕಟ್ಟಳೆಗಳನ್ನು ತರಬೇಕೆಂದು ವಾದಿಸಿದರೆ ವಾಚಕರಿಗೆ ಆಶ್ಚರ್ಯವಾದೀತು. ಉಂಡ ಮನೆಗೆ ಎರಡು ಬಗೆಯುವವನೆಂದು ಮನೆಯಲ್ಲಿ ನನ್ನನ್ನು ಹಂಗಿಸಿದ್ದೂ ಉಂಟು. ಆದರೂ ಹೇಳಬೇಕಾದುದನ್ನು ಹೇಳಲೇಬೇಕು.

ಡೀಸೆಲ್ ಹೊಗೆಯು ಕೇವಲ ಕಣ್ಣುರಿಯ ಮಾತಲ್ಲ. ಅದರ ಮಸಿಯ ಕಣಗಳು ಶ್ವಾಸಕೋಶದ ಆಳಕ್ಕಿಳಿಯುವಷ್ಟು ಸೂಕ್ಷ್ಮವಾದುವು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಈ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಇದನ್ನು ಹೆಚ್ಚಾಗಿ ಕುಡಿಯುವವರು ಯಾರು? ಲಾರಿಯ ಚಾಲಕ, ಕ್ಲೀನರ್, ರಸ್ತೆಯಂಚಿನಲ್ಲಿ ಹೂ ಮಾರುವಾಕೆ, ಚೌಕದಲ್ಲಿ ನಿಂತ ಪೊಲೀಸಿನವನು. ಎಂದರೆ, ಬಿಗಿಯಾದ ಕಟ್ಟಳೆಯಿಂದ ಮೊದಲು ಬದುಕಿಕೊಳ್ಳುವವರು ನಮ್ಮ ತಂದೆಯಂಥವರೇ.

ಸರ್ಕಾರವು ಕೈಕಟ್ಟಿ ಕುಳಿತಿದೆಯೆಂದು ನಾನು ದೂರಲಾರೆ. 2017ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ ನಾಲ್ಕು ದೇಶಾದ್ಯಂತ ಜಾರಿಗೆ ಬಂದಿತು. ಐದನೆಯ ಮೆಟ್ಟಿಲನ್ನೇ ದಾಟಿ 2020ರ ಏಪ್ರಿಲ್ 1ರಿಂದ ಆರನೆಯದು ಬಂದಿತು. ಡೀಸೆಲಿನ ಗಂಧಕದ ಮಿತಿಯು ಹತ್ತು ಲಕ್ಷ ಭಾಗಕ್ಕೆ 50ರಿಂದ 10ಕ್ಕಿಳಿಯಿತು. ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಕಣಗಳನ್ನು ಉಗುಳಬಹುದಾಗಿದ್ದುದು 4.5 ಮಿಲಿಗ್ರಾಂಗೆ ಇಳಿಯಿತು. ಹೊಸ ಗಾಡಿಗಳ ಮಟ್ಟಿಗೆ ಇದು ಶ್ಲಾಘನೀಯವೇ ಸರಿ.

ಹಾಗಾದರೆ ಕೊರತೆ ಎಲ್ಲಿದೆ? ಈಗಾಗಲೇ ಓಡುತ್ತಿರುವ ಗಾಡಿಗಳ ತಪಾಸಣೆಯಲ್ಲಿದೆ. ಜನರು ಎಮಿಷನ್ ಟೆಸ್ಟ್ ಎಂದು ಕರೆಯುವ ಪರೀಕ್ಷೆಯಲ್ಲಿ ನಿಂತ ಡೀಸೆಲ್ ಗಾಡಿಯ ಆಕ್ಸಿಲರೇಟರನ್ನು ಒತ್ತಿ ಹೊಗೆಯ ದಟ್ಟತೆಯನ್ನು ಅಳೆಯುತ್ತಾರೆ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡುಗಳ ಲೆಕ್ಕ ಅಲ್ಲಿಲ್ಲ. ಒಮ್ಮೆ ನಾನೂ ತಂದೆಯವರೊಡನೆ ಹೋಗಿದ್ದೆ. ಹೊಗೆಕೊಳವೆಯ ಬಳಿಗೆ ಯಾರೂ ಸುಳಿಯಲಿಲ್ಲ. ಕುಡಿಯುತ್ತಿದ್ದ ಚಹಾ ಆರುವ ಮೊದಲೇ ಪ್ರಮಾಣಪತ್ರ ಕೈಸೇರಿತು! ಹೊರದೇಶದವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಪರೀಕ್ಷೆಯ ಹೊತ್ತನ್ನು ಗುರುತಿಸಿ ಆಗ ಮಾತ್ರ ಸಾಧುವಾಗುವ ಡೀಸೆಲ್ ಕಾರುಗಳನ್ನು ಫೋಕ್ಸ್‌ವ್ಯಾಗನ್ ಕಂಪನಿಯು ಮಾರಿದ್ದುದು 2015ರಲ್ಲಿ ಬಯಲಾಯಿತು.

“ಮಗಾ, ಕಾಯಿದೆಯೆಲ್ಲ ಬೀಳುವುದು ಒಂದೇ ಲಾರಿ ಇರುವವನ ತಲೆಯ ಮೇಲೆ” ಎನ್ನುತ್ತಾರೆ ತಂದೆಯವರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. 2019ರ ತಿದ್ದುಪಡಿಯ ಪ್ರಕಾರ ಹೊಗೆಯ ನಿಯಮವನ್ನು ಮೀರಿದವನಿಗೆ 10,000 ರೂಪಾಯಿಗಳವರೆಗೆ ದಂಡವುಂಟು. ಬಡ ಮಾಲೀಕನಿಗೆ ಅದು ಕೊರಳಿನ ಉರುಳು. ಆದುದರಿಂದ ನನ್ನ ಸಲಹೆ ಇಷ್ಟೆ: ತಪಾಸಣೆಯನ್ನು ನಿಜವಾದ ತಪಾಸಣೆಯನ್ನಾಗಿ ಮಾಡಲಿ, ಪರೀಕ್ಷಿಸದೆ ಪತ್ರ ಕೊಡುವವನಿಗೆ ಗಾಡಿಯವನಿಗಿಂತ ಹೆಚ್ಚಿನ ದಂಡವಿರಲಿ, ಹಳೆಯ ಲಾರಿಯನ್ನು ಬಿಟ್ಟುಕೊಡುವ ಏಕಲಾರಿಯ ಮಾಲೀಕನಿಗೆ ಕಡಿಮೆ ಬಡ್ಡಿಯ ಸಾಲ ದೊರೆಯಲಿ. ಕಟ್ಟಳೆಯೊಂದಿಗೆ ಕೈಯಾಸರೆಯೂ ಇರಬೇಕು.

ತಂದೆಯವರು ರಾತ್ರಿ ಮನೆಗೆ ಬಂದಾಗ ಅವರ ಹೆಗಲ ಮೇಲಿನ ವಸ್ತ್ರವನ್ನು ತಾಯಿ ನೆನೆಹಾಕುತ್ತಾಳೆ. ಬಕೆಟ್ಟಿನ ನೀರು ಕಪ್ಪಾಗುತ್ತದೆ. ಬಟ್ಟೆಯನ್ನೇನೋ ಒಗೆಯಬಹುದು, ಎದೆಗೂಡನ್ನು ಒಗೆಯುವುದು ಹೇಗೆ? ಕಟ್ಟಳೆ ಬೇಡವೆನ್ನುವ ಮಹನೀಯರು ಇದಕ್ಕೆ ಉತ್ತರ ಹೇಳಲಿ.