ಬಿಸಿಲಿನಲ್ಲಿ ನೀರು ಒಡೆಯುವ ವಿದ್ಯೆ: ಜಕ್ಕೂರಿನ ಲ್ಯಾಬಿಗೂ ಕೆಲವರಪಳ್ಳಿಯ ನೊರೆಗೂ ಏನು ನಂಟು?

ಹೊಸೂರು: ಮಳೆ ಜೋರಾದ ದಿನಗಳಲ್ಲಿ ಕೆಲವರಪಳ್ಳಿ ಅಣೆಕಟ್ಟೆ ಕಡೆ ಹೋದವರಿಗೆ ಆ ದೃಶ್ಯ ಹೊಸದಲ್ಲ. ಮದಗು ತೆರೆದರೆ ನೀರಿಗಿಂತ ನೊರೆಯೇ ಮುಂದೆ. ದೂರದಿಂದ ನೋಡಿದರೆ ಹತ್ತಿಯ ರಾಶಿ, ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕು. ನಾವು ದಕ್ಷಿಣ ಪಿನಾಕಿನಿ ಅನ್ನುವ, ತಮಿಳಿನಲ್ಲಿ ತೆನ್‌ಪೆಣ್ಣೈ ಅನ್ನುವ ಈ ನದಿ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ದಾರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಿಂದ ಹರಿದು ಬರುವ ಕೊಳಚೆಯನ್ನೂ ಹೊತ್ತುಕೊಂಡು ಕೊಡಿಯಾಳಂ ಬಳಿ ಗಡಿ ದಾಟುತ್ತದೆ. ಬೆಂಗಳೂರು ತೊಳೆದ ಬಟ್ಟೆಯ ಸೋಪು ನಮ್ಮ ಗದ್ದೆಯ ಕಾಲುವೆಗೆ ಬರುತ್ತದೆ.

ಈಚೆಗೆ ಅಲ್ಲೇ ಚಹಾ ಅಂಗಡಿಯಲ್ಲಿ ಕೂತಿದ್ದಾಗ ರೈತರೊಬ್ಬರು ಕೇಳಿದರು: "ಬಿಸಿಲಿನಲ್ಲೇ ನೀರು ಶುದ್ಧ ಮಾಡುವ ಪುಡಿ ಬಂದಿದೆಯಂತೆ, ನೀರಿನಿಂದಲೇ ಲಾರಿ ಓಡಿಸುತ್ತಾರಂತೆ. ನಿಜವೇ?" ಈ ಲೇಖಕ ಕಲಾ ಪದವೀಧರ. ರಸಾಯನಶಾಸ್ತ್ರ ಪರೀಕ್ಷೆಗೆ ಓದಿದವನಲ್ಲ. ಆದರೂ ಪ್ರಶ್ನೆ ಬಿಡಲಿಲ್ಲ. ಉತ್ತರ ಹುಡುಕುತ್ತ ಹೋದರೆ ದಾರಿ ಹೋಗಿ ನಿಂತಿದ್ದು ಬೆಂಗಳೂರಿನ ಜಕ್ಕೂರಿನಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ ಒಬ್ಬ ರಸಾಯನ ವಿಜ್ಞಾನಿಯ ಹತ್ತಿರ.

ಬಸವನಗುಡಿಯ ಹುಡುಗ

ಸಿ.ಎನ್.ಆರ್. ರಾವ್ ಹುಟ್ಟಿದ್ದು 1934ರ ಜೂನ್ 30ರಂದು, ಬೆಂಗಳೂರಿನಲ್ಲಿ. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಪ್ರೌಢಶಾಲೆ. ತಾಯ್ನುಡಿ ಬಿಟ್ಟುಹೋಗಬಾರದೆಂದು ತಂದೆ ಕನ್ನಡ ಮಾಧ್ಯಮಕ್ಕೆ ಸೇರಿಸಿದರು, ಮನೆಯಲ್ಲಿ ಮಾತ್ರ ಇಂಗ್ಲಿಷಿನಲ್ಲಿ ಮಾತಾಡಿಸಿದರು. ಎರಡು ಮೂರು ಭಾಷೆಯಲ್ಲಿ ಬದುಕುವ ನಮ್ಮ ಗಡಿನಾಡ ಮನೆಗಳಿಗೆ ಇದು ಅರ್ಥವಾಗುವ ಮಾತು.

ಸೆಂಟ್ರಲ್ ಕಾಲೇಜಿನಿಂದ 1951ರಲ್ಲಿ ಬಿ.ಎಸ್ಸಿ., ಬನಾರಸ್‌ನಲ್ಲಿ ಎಂ.ಎಸ್ಸಿ., ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಿಂದ 1958ರಲ್ಲಿ ಪಿಎಚ್.ಡಿ. ಮರುವರ್ಷವೇ ವಾಪಸು ಬಂದು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಧ್ಯಾಪಕ. ಮಧ್ಯೆ ಕಾನ್ಪುರದ ಐಐಟಿಯಲ್ಲಿ ಇದ್ದು, 1976ರಲ್ಲಿ ಮತ್ತೆ ಬೆಂಗಳೂರಿಗೆ. 1984ರಿಂದ 1994ರ ತನಕ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕ. 1989ರಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸ್ಥಾಪನೆ. 2014ರಲ್ಲಿ ಭಾರತ ರತ್ನ.

ಆದರೆ ಇಲ್ಲಿ ಗಮನಿಸಬೇಕಾದ ಸಂಗತಿ ಪದಕ ಅಲ್ಲ. ಲೋಹದ ಆಕ್ಸೈಡುಗಳು, ಅತಿವಾಹಕಗಳು, ನ್ಯಾನೋ ನಳಿಕೆ, ಗ್ರಾಫೀನ್ ಎಂದು ಅರ್ಧ ಶತಮಾನ ಘನ ವಸ್ತುಗಳ ಒಳಗನ್ನು ತಿಳಿದುಕೊಂಡ ಮೇಲೆ, ಆ ತಿಳಿವಳಿಕೆಯನ್ನು ಬಿಸಿಲಿನಿಂದ ನೀರು ಒಡೆಯುವ ಕೆಲಸಕ್ಕೆ ಹಚ್ಚಿದರು. ಅವರ ತಂಡದ ಮುಖ್ಯ ಪ್ರಬಂಧಗಳಲ್ಲಿ ಎರಡು ಪ್ರಕಟವಾದದ್ದು 2013ರಲ್ಲಿ. ಆಗ ಅವರಿಗೆ 79 ವರ್ಷ. ಈ ಬಗೆಯ ಕೆಲಸಕ್ಕಾಗಿಯೇ 2020ರ ಸಾಲಿನ ಅಂತಾರಾಷ್ಟ್ರೀಯ ಎನಿ ಪ್ರಶಸ್ತಿ ಬಂತು. ಕೊಟ್ಟದ್ದು ಇಟಲಿಯ ತೈಲ ಕಂಪನಿ ಅನ್ನುವುದೂ ಯೋಚಿಸುವಂಥದ್ದೇ.

ಏನಿದು ವಿದ್ಯೆ?

ಫೋಟೋಕ್ಯಾಟಲಿಸಿಸ್, ಕನ್ನಡದಲ್ಲಿ ಹೇಳುವುದಾದರೆ ದ್ಯುತಿ ವೇಗವರ್ಧನೆ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಎಂಬಿಬ್ಬರು ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರನ್ನು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆಯಬಹುದೆಂದು ತೋರಿಸಿದರು. ಇದೇ ಪದಾರ್ಥ ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲೂ ಇರುತ್ತದೆ.

ಬೆಳಕು ಬಿದ್ದಾಗ ಪುಡಿಯೊಳಗಿನ ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಏಳುತ್ತದೆ, ಹಿಂದೆ ಒಂದು ಖಾಲಿ ಜಾಗ ಉಳಿಯುತ್ತದೆ. ಎಲೆಕ್ಟ್ರಾನ್ ನೀರಿನಿಂದ ಹೈಡ್ರೋಜನ್ ಬಿಡಿಸಬೇಕು, ಖಾಲಿ ಜಾಗ ಆಮ್ಲಜನಕ ಬಿಡಿಸಬೇಕು. ತೊಂದರೆ ಏನೆಂದರೆ, ಜಗಳವಾಡಿ ಮನೆ ಬಿಟ್ಟ ಗಂಡ ಬೀದಿ ತಿರುವಿನಲ್ಲೇ ರಾಜಿಯಾಗಿ ವಾಪಸು ಬಂದ ಹಾಗೆ, ಎಲೆಕ್ಟ್ರಾನ್ ಕೆಲಸ ಮುಗಿಸುವ ಮೊದಲೇ ಖಾಲಿ ಜಾಗಕ್ಕೆ ಮರಳಿಬಿಡುತ್ತದೆ. ಆಗ ಬೆಳಕು ಬರೀ ಶಾಖವಾಗಿ ಹೋಯಿತು.

ಎರಡನೇ ತೊಂದರೆ, ಟೈಟಾನಿಯಂ ಡೈಆಕ್ಸೈಡ್ ಹೀರುವುದು ನೇರಳಾತೀತ ಕಿರಣ ಮಾತ್ರ. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ಸುಮಾರು 5. ಉಳಿದ ಬಿಸಿಲು ವ್ಯರ್ಥ.

ರಾವ್ ಅವರ ತಂಡ ಕೈಹಾಕಿದ್ದು ಈ ಎರಡು ಗಂಟುಗಳಿಗೆ. ಕಣ್ಣಿಗೆ ಕಾಣುವ ಬೆಳಕನ್ನು ಹೀರುವ ಕ್ಯಾಡ್ಮಿಯಂ ಸಲ್ಫೈಡನ್ನು ಜಿಂಕ್ ಆಕ್ಸೈಡಿಗೆ ಜೋಡಿಸಿ ಪ್ಲಾಟಿನಂ ಸೇರಿಸಿದರು. ಎಲೆಕ್ಟ್ರಾನ್ ಒಂದು ಕಡೆ, ಖಾಲಿ ಜಾಗ ಇನ್ನೊಂದು ಕಡೆ ಉಳಿಯುವಂತೆ ಮಾಡುವ ಉಪಾಯ ಇದು. ಪ್ಲಾಟಿನಂ ಬಂಗಾರದ ಸಾಲಿನ ಲೋಹ, ಎಲ್ಲರ ಕೈಗೆ ಎಟುಕದು. ಹಾಗಾಗಿ ಅಗ್ಗದ ಮಾಲಿಬ್ಡಿನಂ ಸಲ್ಫೈಡಿನ ಒಂದೇ ಪದರದ ಹಾಳೆಗಳಿಂದಲೂ ಹೈಡ್ರೋಜನ್ ಬರಿಸಬಹುದೆಂದು ತೋರಿಸಿದರು. ಬೆಳಕಿನ ಬದಲು ಸೂರ್ಯನ ಶಾಖದಿಂದ ನೀರು ಒಡೆಯುವ ದಾರಿಯ ಬಗ್ಗೆಯೂ 2017ರಲ್ಲಿ ಬರೆದರು.

ಹಾಗಾದರೆ ಕೆಲಸ ಮುಗಿಯಿತೆ? ಇಲ್ಲ. ಇಂಥ ಪ್ರಯೋಗಗಳಲ್ಲಿ ಹೆಚ್ಚಿನವಕ್ಕೆ ಬರೀ ನೀರು ಸಾಲದು, ಖಾಲಿ ಜಾಗವನ್ನು ತುಂಬಲು ಬಲಿ ಕೊಡುವ ಇನ್ನೊಂದು ರಾಸಾಯನಿಕ ಬೇಕು. ಕ್ಯಾಡ್ಮಿಯಂ ವಿಷದ ಲೋಹ. ಪುಡಿ ದಿನಗಳೆದಂತೆ ಸೊರಗುತ್ತದೆ.

ಸೆಂಟು ಲೆಕ್ಕ

ಜಗತ್ತಿನಲ್ಲಿ ಇದು ಎಲ್ಲಿಯವರೆಗೆ ಬಂದಿದೆ? ಜಪಾನಿನ ಡೊಮೆನ್ ಅವರ ತಂಡ 100 ಚದರ ಮೀಟರ್ ಫಲಕಗಳನ್ನು ಬಯಲಲ್ಲಿ ಹರಡಿ, ತಿಂಗಳುಗಟ್ಟಲೆ ಬಿಸಿಲಿನಲ್ಲೇ ನೀರು ಒಡೆಸಿ 2021ರಲ್ಲಿ ವರದಿ ಮಾಡಿತು. ಗರಿಷ್ಠ ದಕ್ಷತೆ ನೂರಕ್ಕೆ 0.76. ಅಂದರೆ 100 ರೂಪಾಯಿ ಬಿಸಿಲಿಗೆ 76 ಪೈಸೆ ಹೈಡ್ರೋಜನ್.

ನಮ್ಮ ಭಾಷೆಯಲ್ಲಿ ಲೆಕ್ಕ ಹಾಕೋಣ. ನಮ್ಮ ಕಡೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಯೂನಿಟ್ ಬಿಸಿಲು ಎಂದಿಟ್ಟುಕೊಳ್ಳಿ. ಒಂದು ಕಿಲೋ ಹೈಡ್ರೋಜನ್‌ನಲ್ಲಿ ಸುಮಾರು 33 ಯೂನಿಟ್ ಶಕ್ತಿ, ಮೂರೂವರೆ ಲೀಟರ್ ಪೆಟ್ರೋಲಿಗಿಂತ ಸ್ವಲ್ಪ ಹೆಚ್ಚು. ಆ ದಕ್ಷತೆಯಲ್ಲಿ ದಿನಕ್ಕೆ ಒಂದು ಕಿಲೋ ಬೇಕಾದರೆ 21 ಸೆಂಟು ಜಾಗ ಬೇಕು. ಅದೇ ಮಾಮೂಲಿ ಸೋಲಾರ್ ಪ್ಯಾನೆಲ್ ಹಾಕಿ, ಆ ಕರೆಂಟಿನಿಂದ ನೀರು ಒಡೆದರೆ ನೂರಕ್ಕೆ 10ರ ಮೇಲೆ ಸಿಗುತ್ತದೆ. ಎರಡು ಸೆಂಟು ಸಾಕು. ಪುಡಿಯ ದಾರಿ ಅಗ್ಗವಾಗಬಹುದೆಂಬ ಆಸೆಯಿಂದಲೇ ವಿಜ್ಞಾನಿಗಳು ಬಿಟ್ಟಿಲ್ಲ. ಆದರೆ ಸದ್ಯಕ್ಕೆ ಗೆದ್ದಿರುವುದು ಪ್ಯಾನೆಲ್.

ಸರ್ಕಾರದ ಲೆಕ್ಕವೂ ಹಾಗೇ ಇದೆ. 2023ರ ಜನವರಿ 4ರಂದು ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂ. ಗುರಿ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್. ಅದರಲ್ಲಿ 17,490 ಕೋಟಿ ರೂ. ಕರೆಂಟಿನಿಂದ ನೀರು ಒಡೆಯುವ ಯಂತ್ರ ಮತ್ತು ಹೈಡ್ರೋಜನ್ ತಯಾರಕರ ಪ್ರೋತ್ಸಾಹಕ್ಕೆ. ಸಂಶೋಧನೆಗೆ 400 ಕೋಟಿ. ರೂಪಾಯಿಗೆ 2 ಪೈಸೆ! ಇಂದಿನ ಯಂತ್ರಕ್ಕೆ ಹಣ ಕೊಡುವುದು ತಪ್ಪಲ್ಲ. ಆದರೆ ನಾಳೆಯ ವಿದ್ಯೆ ಇಷ್ಟರಲ್ಲಿ ಬೆಳೆಯಬೇಕೆಂದರೆ ಹೇಗೆ?

ಇದು ದೂರದ ಮಾತಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ರಿಲಯನ್ಸ್ ಜತೆ ಸೇರಿ ಹೈಡ್ರೋಜನ್ ಇಂಜಿನ್ನಿನ ಲಾರಿ ತೋರಿಸಿದ್ದು ಅಶೋಕ್ ಲೇಲ್ಯಾಂಡ್. ನಮ್ಮ ಹೊಸೂರಿನಲ್ಲಿ ಕಾರ್ಖಾನೆ ಇರುವ ಕಂಪನಿ. ಇನ್ನೊಂದು ಕಡೆ ಏಥರ್, ಪೋಚಂಪಳ್ಳಿಯ ಓಲಾ ಬ್ಯಾಟರಿ ಸ್ಕೂಟರ್ ಕಟ್ಟುತ್ತಿವೆ. ಬ್ಯಾಟರಿ ಗೆಲ್ಲುತ್ತದೋ ಹೈಡ್ರೋಜನ್ ಗೆಲ್ಲುತ್ತದೋ, ಎರಡರ ಪರಿಣಾಮವೂ ನಮ್ಮ ಹಳ್ಳಿಯ ಹುಡುಗರ ಕೆಲಸದ ಮೇಲೆ.

ನೊರೆಗೆ ಪುಡಿ ಮದ್ದಲ್ಲ

ಈಗ ರೈತರ ಮೊದಲ ಪ್ರಶ್ನೆ. ಬಿಸಿಲು ಮತ್ತು ಪುಡಿಯಿಂದ ನೀರು ಶುದ್ಧವಾಗುತ್ತದೆಯೆ? ಲ್ಯಾಬಿನಲ್ಲಿ ಆಗುತ್ತದೆ. ಟಾಟಾ ಇನ್‌ಸ್ಟಿಟ್ಯೂಟಿನ ಎಂ.ಎಸ್. ಹೆಗಡೆ, ಗಿರಿಧರ್ ಮದ್ರಾಸ್ ಮತ್ತು ಸಂಗಡಿಗರು ದಹನ ವಿಧಾನದಿಂದ ತಯಾರಿಸಿದ ಟೈಟಾನಿಯಂ ಡೈಆಕ್ಸೈಡಿನ ಸಣ್ಣ ಕಣಗಳು ಬಟ್ಟೆ ಬಣ್ಣಗಳನ್ನು ಒಡೆದುಹಾಕುತ್ತವೆಂದು 2003ರಲ್ಲೇ ತೋರಿಸಿದ್ದಾರೆ.

ಆದರೆ ಲೋಟದ ತಿಳಿನೀರು ಬೇರೆ, ಕೆಲವರಪಳ್ಳಿ ಬೇರೆ. ರಾಡಿ ನೀರಿನಲ್ಲಿ ಬೆಳಕು ಇಳಿಯುವುದಿಲ್ಲ. ಹಾಕಿದ ಪುಡಿಯನ್ನು ಹೊಳೆಯಿಂದ ವಾಪಸು ತೆಗೆಯುವುದು ಹೇಗೆ? ನೊರೆಯ ಮೂಲ ಸೋಪು ಮತ್ತು ಶುದ್ಧ ಮಾಡದೆ ಬಿಟ್ಟ ಒಳಚರಂಡಿ ನೀರು. ಅದಕ್ಕೆ ಮದ್ದು ಹೊಸದಲ್ಲ, ಹಳೆಯದೇ: ಪೂರ್ತಿ ಕೆಲಸ ಮಾಡುವ ಶುದ್ಧೀಕರಣ ಘಟಕಗಳು. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದ ಮೇಲೆ, 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕರ್ನಾಟಕ ಸರ್ಕಾರಕ್ಕೆ 50 ಕೋಟಿ ರೂ. ದಂಡ ಹಾಕಿ, ಕೆರೆಗಳ ಕೆಲಸಕ್ಕೆ 500 ಕೋಟಿ ರೂ. ಬೇರೆ ತೆಗೆದಿಡಲು ಹೇಳಿತ್ತು. ಅಲ್ಲಿ ಕೆಲಸ ಎಷ್ಟು ಮುಗಿಯಿತು ಎಂದು ಅಳೆಯಲು ದೊಡ್ಡ ಯಂತ್ರ ಬೇಡ. ನಮ್ಮ ಮದಗಿನ ಮುಂದೆ ನಿಂತು ನೋಡಿದರೆ ಸಾಕು.

ಇಲ್ಲಿ ಎರಡು ದಾರಿಯೂ ಒಂದಾಗುತ್ತವೆ. ಒಂದು ಕಿಲೋ ಹೈಡ್ರೋಜನ್‌ಗೆ ಲೆಕ್ಕದ ಪ್ರಕಾರವೇ 9 ಲೀಟರ್ ನೀರು ಬೇಕು, ಅದೂ ಬಹಳ ಶುದ್ಧ ನೀರು. ಬೋರ್‌ವೆಲ್ ಆಳಕ್ಕೆ ಆಳ ಹೋಗುತ್ತಿರುವ ಶೂಳಗಿರಿ, ಬೇರಿಕೈ ಕಡೆ ಆ ನೀರು ಎಲ್ಲಿಂದ ತರುತ್ತಾರೆ? ನೆಲದಿಂದ ಎಳೆದರೆ ರೈತನ ಪಾಲಿಗೆ ಮತ್ತೊಂದು ಪೈಪೋಟಿ. ಹೊಳೆಯ ಕೊಳಚೆಯನ್ನು ಶುದ್ಧ ಮಾಡಿ ಬಳಸಿದರೆ ಹೊಳೆಗೂ ಲಾಭ, ಕಾರ್ಖಾನೆಗೂ ಲಾಭ. ಯಾವ ವಿದ್ಯೆ ಗೆದ್ದರೂ ಮೊದಲು ನೀರು ಶುದ್ಧವಾಗಬೇಕು.

ಆದ್ದರಿಂದ ಊರಿಗೆ ಯಾರಾದರೂ ಬಂದು "ಈ ಪುಡಿ ಹಾಕಿ, ಕೆರೆ ಶುದ್ಧ" ಎಂದರೆ ಪಂಚಾಯತಿಯವರು ಮೂರು ಪ್ರಶ್ನೆ ಕೇಳಲಿ. ಎಷ್ಟು ದೊಡ್ಡ ಕೆರೆಯಲ್ಲಿ ಮಾಡಿ ನೋಡಿದ್ದೀರಿ? ಪುಡಿ ಕೊನೆಗೆ ಎಲ್ಲಿಗೆ ಹೋಗುತ್ತದೆ? ನೀರಿನ ಪರೀಕ್ಷೆಯನ್ನು ಮಾಡಿದ್ದು ನೀವೋ, ಬೇರೆಯವರೋ? ಉತ್ತರ ಬರದಿದ್ದರೆ ಹಣ ಕೊಡಬೇಡಿ.

ಹಾಗೆಂದು ವಿಜ್ಞಾನದ ಮೇಲೆ ಮುನಿಸು ಬೇಡ. 1972ರಲ್ಲಿ ಶುರುವಾದ ವಿದ್ಯೆ ಇನ್ನೂ ಗದ್ದೆಗೆ ಇಳಿದಿಲ್ಲ ಅನ್ನುವುದು ಸೋಲಲ್ಲ. ಒಂದೊಂದು ಗಂಟು ಬಿಚ್ಚುವುದಕ್ಕೆ ಒಂದೊಂದು ಆಯಸ್ಸು ಹಿಡಿಯುತ್ತದೆ ಎಂದಷ್ಟೇ ಅದರ ಅರ್ಥ. ಜಕ್ಕೂರಿನ ಕೇಂದ್ರ ಶಾಲಾ ಮಕ್ಕಳಿಗೆ, ಶಿಕ್ಷಕರಿಗೆ ಕಾರ್ಯಕ್ರಮಗಳನ್ನು ನಡೆಸುತ್ತ ಬಂದಿದೆ. ಹೊಸೂರಿನಿಂದ ಬೆಂಗಳೂರು 40 ಕಿ.ಮೀ. ಕೊಳಚೆ ಗಡಿ ದಾಟಿ ಇಲ್ಲಿಗೆ ಬರಬಹುದಾದರೆ, ನಮ್ಮ ಗಡಿ ಶಾಲೆಯ ಮಕ್ಕಳು ಗಡಿ ದಾಟಿ ಅಲ್ಲಿಗೆ ಹೋಗಿ ಬರಬಾರದೆ? ಮುಂದಿನ ಗಂಟು ಬಿಚ್ಚುವವರು ತಳಿ, ಬಾಗಲೂರಿನ ಕನ್ನಡ ಶಾಲೆಯಲ್ಲೂ ಕೂತಿರಬಹುದು.