ಹಾಲಿಗೆ ದಿನಾ ಪರೀಕ್ಷೆ, ನೀರಿಗೆ ಯಾವಾಗ?



ದಿನಕ್ಕೆರಡು ಹೊತ್ತು ಡೇರಿಯಲ್ಲಿ ನಿಮ್ಮ ಹಾಲಿನ ಫ್ಯಾಟ್, ಎಸ್‌ಎನ್‌ಎಫ್ ನೋಡುತ್ತಾರೆ. ಸ್ವಲ್ಪ ಕಡಿಮೆ ಬಂದರೂ ಯಾಕೆಂದು ಕೇಳುತ್ತೀರಿ. ಆದರೆ ನಿಮ್ಮ ದನ ಮತ್ತು ಮಕ್ಕಳು ಕುಡಿಯುವ ಬೋರಿನ ನೀರನ್ನು ಕೊನೆಯ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ? ಈ ಪ್ರಶ್ನೆಯನ್ನೂ ಸಂಘದಲ್ಲಿ ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಎಸ್‌ಎನ್‌ಎಫ್‌ನಲ್ಲಿ ಕೇಸಿನ್ ಎಂಬ ಪ್ರೋಟೀನ್ ಇದೆ. ಒಂದು ಲೀಟರ್ ಆಕಳ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕೇಸಿನ್ ಅದನ್ನು ರಂಜಕದ ಜೊತೆ ಸಣ್ಣ ಕಣಗಳಲ್ಲಿ ಹಿಡಿದಿಡುವುದರಿಂದಲೇ ಅದು ಕೆಚ್ಚಲಲ್ಲಿ ಕಲ್ಲಾಗದೆ ಕರುವಿನ ಹೊಟ್ಟೆ ಸೇರುತ್ತದೆ.

ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕಟ್ಟುವುದೂ ಕೇಸಿನ್ನಿನ ದೂರದ ಬಳಗದ ಒಂದು ಪ್ರೋಟೀನ್. ಅದರ ಹೆಸರು ಅಮೆಲೋಜೆನಿನ್. ಅದರ ಕೆಲಸ ಸ್ಲ್ಯಾಬ್ ಹಾಕುವಾಗಿನ ಸೆಂಟ್ರಿಂಗ್ ಹಲಗೆಯಂತೆ. ಖನಿಜವನ್ನು ಸಾಲಾಗಿ ಕೂಡಿಸಿ, ಆಮೇಲೆ ತಾನು ಜಾಗ ಬಿಡಬೇಕು. ಆ ಜಾಗವನ್ನೂ ಖನಿಜವೇ ತುಂಬಬೇಕು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಅದು ಹೊತ್ತಿಗೆ ಸರಿಯಾಗಿ ಜಾಗ ಬಿಡುವುದಿಲ್ಲ. ಎನಾಮಲ್ ಒಳಗೆ ಟೊಳ್ಳು ಉಳಿದು, ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಮುಂದೆ ಕಂದು ಕಲೆ ಕಾಣುತ್ತದೆ. ಎಷ್ಟು ತಿಕ್ಕಿದರೂ ಹೋಗದು. ಕಾಯಂ ಹಲ್ಲುಗಳ ಎನಾಮಲ್ ಬಹುಪಾಲು 8 ವರ್ಷದೊಳಗೇ ಕಟ್ಟಿ ಮುಗಿಯುತ್ತದೆ. ಆಮೇಲೆ ನೀರು ಬದಲಿಸಿದರೂ ಆ ಕಲೆ ಅಳಿಯದು.

ಹುನಗುಂದ, ಇಳಕಲ್, ಬಾಗಲಕೋಟೆ, ಬಾದಾಮಿ ಕಡೆಯ ಹಲವು ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹೊಸ ಮಾತಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೂ 1.5 ಮೀರಬಾರದು. ಬೋರಿನಿಂದ ಬೋರಿಗೆ ಈ ಪ್ರಮಾಣ ಬೇರೆ. ಬಣ್ಣದಲ್ಲಿ, ರುಚಿಯಲ್ಲಿ ಗೊತ್ತಾಗದು, ಕಾಯಿಸಿದರೂ ಹೋಗದು.

ಕರುಗಳಿಗೂ ಇದೇ ಪಾಡು. ಹಲ್ಲು ಸವೆದ ದನ ಮೇವನ್ನು ಸರಿಯಾಗಿ ಅಗಿಯದು. ಆದರೆ ಹಾಲಿನ ಬಗ್ಗೆ ಅಂಜಿಕೆ ಬೇಡ. ಆಕಳು ಕುಡಿದ ಫ್ಲೋರೈಡ್ ಎಲುಬು, ಹಲ್ಲಿಗೆ ಸೇರುತ್ತದೆ. ಹಾಲಿಗೆ ಇಳಿಯುವುದು ಬಹಳ ಕಡಿಮೆ. ಮೇಲಾಗಿ ಹಾಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಫ್ಲೋರೈಡನ್ನು ಹಿಡಿದು, ಮೈಗೆ ಹತ್ತುವುದನ್ನು ಒಂದಿಷ್ಟು ತಗ್ಗಿಸುತ್ತದೆ. ಹಾಗೆಂದು ಹಾಲು ಒಳ್ಳೆಯ ನೀರಿಗೆ ಬದಲಿ ಅಲ್ಲ. ಎರಡೂ ಬೇಕು.

ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಸಿಗುತ್ತದಲ್ಲ ಎನ್ನಬಹುದು. ಅದು ಒಂದು ಹೊತ್ತಿನದು. ರಜೆಯಲ್ಲಿ ಅದೂ ಇಲ್ಲ. ಡೇರಿಗೆ ಕ್ಯಾನ್ ಹೊರಡುವ ಮೊದಲು ವರ್ಷ ತುಂಬಿದ ಮಕ್ಕಳ ಲೋಟ ತುಂಬಲಿ, ಹುಡುಗಿಯರದೂ.

ಜಲಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ 5 ಮಹಿಳೆಯರಿಗೆ ಕಿಟ್‌ನಿಂದ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮೂರಲ್ಲಿ ಆ ಐವರು ಯಾರೆಂದು ಪಂಚಾಯ್ತಿಯಲ್ಲಿ ಕೇಳಿರಿ. ಇಲ್ಲವಾದರೆ ಸಂಘದಿಂದಲೇ ಹೆಸರು ಕೊಡಿರಿ. ಪ್ರತಿ ಬೋರಿನ ಫ್ಲೋರೈಡ್ ಎಷ್ಟೆಂದು ಡೇರಿಯ ಬೋರ್ಡಿನಲ್ಲಿ, ಹಾಲಿನ ದರದ ಪಕ್ಕದಲ್ಲೇ ಬರೆಸಿರಿ. ಹಾಲಿನ ಲೆಕ್ಕ ಕೇಳುವ ನಮಗೆ ನೀರಿನ ಲೆಕ್ಕ ಕೇಳುವ ಹಕ್ಕೂ ಇದೆ.