ವಿದ್ಯಾರ್ಥಿನಿಲಯವೂ ಹಲ್ಲಿನ ಆರೋಗ್ಯವೂ

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂತಹ ಗ್ರಾಮಗಳಿಂದ ವ್ಯಾಸಂಗಕ್ಕಾಗಿ ಮಂಡ್ಯಕ್ಕೋ ಮೈಸೂರಿಗೋ ತೆರಳುವ ವಿದ್ಯಾರ್ಥಿಗಳು ಹಾಸಿಗೆ, ಪುಸ್ತಕಗಳನ್ನು ಕೊಂಡೊಯ್ಯುತ್ತಾರೆ. ಮನೆಯ ಕಟ್ಟುಪಾಡು ಮಾತ್ರ ಅವರೊಡನೆ ಹೋಗುವುದಿಲ್ಲ. ಮನೆಯಲ್ಲಿ ಊಟಕ್ಕೆ ಹೊತ್ತುಂಟು, ನಿದ್ರೆಗೆ ಹೊತ್ತುಂಟು, ಎಚ್ಚರಿಸುವ ಹಿರಿಯರುಂಟು. ವಿದ್ಯಾರ್ಥಿನಿಲಯದಲ್ಲಾಗಲಿ ಬಾಡಿಗೆಯ ಕೊಠಡಿಯಲ್ಲಾಗಲಿ, ಪರೀಕ್ಷೆ ಸಮೀಪಿಸಿತೆಂದರೆ ನಡುರಾತ್ರಿಯವರೆಗೂ ಓದು, ನಡುನಡುವೆ ಸಿಹಿ ಚಹಾ ಮತ್ತು ಬಿಸ್ಕತ್ತು, ಅನಂತರ ಬಾಯಿಯನ್ನೂ ಮುಕ್ಕಳಿಸದೆ ನಿದ್ರೆ. ಇದರಿಂದ ಹಲ್ಲಿಗೆ ಒದಗುವ ಹಾನಿಯನ್ನು ನಾವು ಗಮನಿಸಬೇಕು.

ಹಲ್ಲಿನ ಹೊರಪದರವಾದ ಎನಾಮೆಲ್ ನಮ್ಮ ದೇಹದಲ್ಲಿಯೇ ಅತ್ಯಂತ ಗಡಸಾದ ವಸ್ತು. ಆದರೂ ಅದು ಆಮ್ಲದಲ್ಲಿ ಕರಗುತ್ತದೆ. ಹಲ್ಲಿಗೆ ಅಂಟಿದ ಲೋಳೆಯಲ್ಲಿರುವ ಬ್ಯಾಕ್ಟೀರಿಯಗಳು ಸಕ್ಕರೆಯನ್ನು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಅಲ್ಲಿನ ಪಿಎಚ್ ಮೌಲ್ಯ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮೆಲಿನ ಕ್ಯಾಲ್ಸಿಯಂ, ಫಾಸ್ಫೇಟುಗಳು ಕರಗತೊಡಗುತ್ತವೆ. ಈ ಆಮ್ಲವನ್ನು ಶಮನಗೊಳಿಸಲು ಜೊಲ್ಲಿಗೆ ಅರ್ಧ ಗಂಟೆಯಿಂದ ಒಂದು ಗಂಟೆಯಷ್ಟು ಕಾಲ ಬೇಕು. ಗಂಟೆಗೊಮ್ಮೆ ಚಹಾ ಕುಡಿಯುವವನು ಆ ಅವಕಾಶವನ್ನೇ ಕೊಡುವುದಿಲ್ಲ. ನಿದ್ರೆಯಲ್ಲಿ ಜೊಲ್ಲು ಸುರಿಯುವುದೂ ಬಹಳ ಕಡಿಮೆ. ಆದುದರಿಂದ ರಾತ್ರಿಯ ಅಲಕ್ಷ್ಯ ಹೆಚ್ಚು ಅಪಾಯಕರ.

ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1945ರಿಂದ ನಡೆದ ಪ್ರಯೋಗಗಳು ರೋಗಿಗಳ ಒಪ್ಪಿಗೆಯನ್ನು ಪಡೆಯದೆ ನಡೆದವಾದುದರಿಂದ ನೀತಿದೃಷ್ಟಿಯಿಂದ ಖಂಡನೀಯವೇ ಸರಿ. ಅವುಗಳಿಂದ ತಿಳಿದುಬಂದ ಸಂಗತಿ ಮಾತ್ರ ಸ್ಪಷ್ಟ: ಊಟದೊಡನೆ ತಿಂದ ಸಕ್ಕರೆಗಿಂತ, ಊಟಗಳ ನಡುವೆ ಪದೇ ಪದೇ ತಿಂದ ಅಂಟಾದ ಸಿಹಿಯೇ ಹಲ್ಲಿಗೆ ಹೆಚ್ಚು ಹಾನಿಕರ. 1933ರಲ್ಲಿಯೇ ಸಕ್ಕರೆ ಕಾರ್ಖಾನೆಯನ್ನು ಕಂಡ ಮಂಡ್ಯದ ಸೀಮೆಯವರು ಸಿಹಿಯನ್ನು ತೊರೆಯಬೇಕಾಗಿಲ್ಲ. ಅದನ್ನು ಊಟದ ಹೊತ್ತಿಗೆ ಸೇರಿಸಿದರೆ ಸಾಕು. ಬೆಲ್ಲಕ್ಕೂ ಇದೇ ನಿಯಮ. ಬೆಲ್ಲವೂ ಬಹುಪಾಲು ಸಕ್ಕರೆಯೇ.

ಹಲ್ಲುಜ್ಜಲು ಇಟ್ಟಿಗೆಯ ಪುಡಿಯನ್ನೋ ಮರಳನ್ನೋ ಬಳಸುವುದು ಸಲ್ಲದು. ಮೋಸ್ ಗಡಸುತನದ ಮಾನದಲ್ಲಿ ಎನಾಮೆಲ್ ಸುಮಾರು 5, ಮರಳಿನ ಕಣ 7. ಗಡಸಾದುದು ಮೆದುವಾದುದನ್ನು ಗೀರುವುದೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಮೆತ್ತನೆಯ ಬ್ರಷ್ಷು, ಫ್ಲೋರೈಡ್ ಬೆರೆತ ಪೇಸ್ಟು, ದಿನಕ್ಕೆರಡು ಸಲ, ಪ್ರತಿಸಲ ಎರಡು ನಿಮಿಷ: ಇಷ್ಟನ್ನು ಪಾಲಿಸುವುದು ಕಷ್ಟವೇನಲ್ಲ.

ಹಾಗಾದರೆ ದೋಷವೆಲ್ಲವೂ ವಿದ್ಯಾರ್ಥಿಗಳ ಸೋಮಾರಿತನದ್ದೇ? ನಾವು ಹಾಗೆ ಭಾವಿಸುವುದಿಲ್ಲ. ಬಾಯಿ ತೊಳೆಯಲು ಕತ್ತಲೆಯಲ್ಲಿ ಹಿತ್ತಲಿನ ನಲ್ಲಿಯವರೆಗೆ ನಡೆಯಬೇಕಾದ ನಿಲಯದಲ್ಲಿ ಉಪದೇಶದಿಂದ ಫಲವಿಲ್ಲ. ಮಲಗುವ ಕೊಠಡಿಗಳ ಸಮೀಪದಲ್ಲಿ ನಲ್ಲಿ, ಬೇಸಿನ್ನು, ದೀಪಗಳಿರಬೇಕು. ಸಂಜೆಯ ಉಪಾಹಾರಕ್ಕೆ ಬಿಸ್ಕತ್ತಿಗೆ ಬದಲಾಗಿ ಕಡಲೆಕಾಯಿಯನ್ನು ಕೊಡಬಹುದು. ವರ್ಷಕ್ಕೊಮ್ಮೆಯಾದರೂ ದಂತವೈದ್ಯರಿಂದ ತಪಾಸಣೆ ನಡೆಯಬೇಕು. ಇವುಗಳನ್ನು ಒದಗಿಸುವುದು ನಿಲಯಗಳನ್ನು ನಡೆಸುವವರ ಕರ್ತವ್ಯ. ಕೇಳಿ ಪಡೆಯುವುದು ವಿದ್ಯಾರ್ಥಿಗಳ ಹಕ್ಕು. ಒಮ್ಮೆ ಕುಳಿಬಿದ್ದ ಎನಾಮೆಲ್ ಮತ್ತೆ ಬೆಳೆಯಲಾರದು. ಹಲ್ಲು ನೋಯುವ ಮೊದಲೇ ಇಬ್ಬರೂ ಎಚ್ಚೆತ್ತುಕೊಳ್ಳುವುದು ಒಳಿತು.